ಊರೊಳಗಿನ ದೂರ

ಹರವೆಯ ಸೀಮೆಯ ಹಿರಿಯರು ಹಾದಿಯನ್ನು ಹರದಾರಿಯಲ್ಲಿ ಅಳೆಯುತ್ತಿದ್ದರು. ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ. ಗುಂಡ್ಲುಪೇಟೆ ಇಷ್ಟು ಹರದಾರಿ, ಚಾಮರಾಜನಗರ ಇಷ್ಟು ಹರದಾರಿ ಎಂದು ಒಮ್ಮೆ ಹೇಳಿದರೆ ಮುಗಿಯಿತು. ಆ ಲೆಕ್ಕ ಬೆಳಗಿಗೂ ಅದೇ, ಬೈಗಿಗೂ ಅದೇ, ಸೋಮವಾರಕ್ಕೂ ಅದೇ, ಭಾನುವಾರಕ್ಕೂ ಅದೇ. ಬೆಂಗಳೂರಿನಲ್ಲಿ ಈ ಅಳತೆ ನಡೆಯದು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಎಷ್ಟು ದೂರವೆಂದು ಅಲ್ಲಿ ಕೇಳಿದರೆ ಮೈಲಿಯ ಮಾತನ್ನಾಗಲಿ ಕಿಲೋಮೀಟರಿನ ಮಾತನ್ನಾಗಲಿ ಯಾರೂ ಎತ್ತುವುದಿಲ್ಲ. “ಯಾವ ಹೊತ್ತಿಗೆ ಹೊರಡುತ್ತೀರಿ?” ಎಂಬ ಮರುಪ್ರಶ್ನೆಯೇ ಮೊದಲ ಉತ್ತರ. ದೂರವೆಂಬುದು ನೆಲದ ಗುಣವಾಗಿರದೆ ಗಡಿಯಾರದ ಗುಣವಾಗಿಬಿಟ್ಟಿರುವ ಊರು ಅದು.

ಈ ಎರಡು ಅಳತೆಗಳ ನಡುವಣ ವ್ಯತ್ಯಾಸವನ್ನು ಹರವೆಯಂಥ ಊರಿನಿಂದ ಹೊರಟು ಬಂದವರು ಅರಿತಷ್ಟು ಚೆನ್ನಾಗಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು ಅರಿಯಲಾರರು. ಮೀನಿಗೆ ನೀರಿನ ಪರಿವೆ ಇರುವುದುಂಟೆ?

ಹಳ್ಳಿಯ ಬಸ್ಸು

ಹರವೆ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಒಂದು ಕಡೆ ಚಾಮರಾಜನಗರ, ಮತ್ತೊಂದು ಕಡೆ ಗುಂಡ್ಲುಪೇಟೆ. ನಡುವೆ ಮಳೆಯನ್ನೇ ನೆಚ್ಚಿದ ಹೊಲಗಳು. ಅರಿಸಿನ, ಸಣ್ಣ ಈರುಳ್ಳಿ, ಬಾಳೆ, ಸೂರ್ಯಕಾಂತಿ ಈ ಸೀಮೆಯ ಬೆಳೆಗಳು. ಸೂರ್ಯಕಾಂತಿ ಅರಳಿದ ದಿನಗಳಲ್ಲಿ ಗುಂಡ್ಲುಪೇಟೆಯ ದಾರಿಯಲ್ಲಿ ಹೋಗುವವರು ವಾಹನ ನಿಲ್ಲಿಸಿ ಹೊಲಕ್ಕಿಳಿದು ಚಿತ್ರ ತೆಗೆಸಿಕೊಳ್ಳುವುದುಂಟು. ಆದರೆ ಹೊಲದ ಒಡೆಯನಿಗೆ ಹೂವಿನ ಚೆಲುವಿಗಿಂತ ಮೋಡದ ಬಣ್ಣವೇ ಮುಖ್ಯ. ಮಳೆ ಕೈಕೊಟ್ಟ ವರ್ಷ ಮನೆಯ ಒಬ್ಬಿಬ್ಬರು ಗಂಟು ಕಟ್ಟಲೇಬೇಕು. ಕೆಲವರು ಕೊಡಗಿನ ತೋಟಗಳಿಗೆ, ಕೆಲವರು ಕೇರಳಕ್ಕೆ, ಕೆಲವರು ತಿರುಪ್ಪೂರಿನ ಬಟ್ಟೆಯ ಕಾರ್ಖಾನೆಗಳಿಗೆ, ಇನ್ನುಳಿದವರು ಬೆಂಗಳೂರಿಗೆ.

ಈ ಸೀಮೆಯಲ್ಲಿ ಬಸ್ಸೆಂದರೆ ಬರಿಯ ವಾಹನವಲ್ಲ, ಮನೆಯ ಬಂಧುವಿನಂತೆ. ಕಂಡಕ್ಟರಿಗೆ ಹತ್ತುವವರ ಮುಖ ಗೊತ್ತು, ಇಳಿಯುವ ಊರು ಗೊತ್ತು, ಕಳೆದ ವಾರ ಆಸ್ಪತ್ರೆಗೆ ಸೇರಿದ ಅಜ್ಜಿಯ ಕಥೆಯೂ ಗೊತ್ತು. ದೂರದಲ್ಲಿ ಹೊಲದ ಬದುವಿನ ಮೇಲೆ ಯಾರೋ ಟವಲು ಬೀಸುತ್ತ ಓಡಿಬರುವುದು ಕಂಡರೆ “ಹೋಲ್ಡಾನ್” ಎಂಬ ಕೂಗು ತಾನಾಗಿಯೇ ಹೊರಡುತ್ತದೆ. ಅಂಥ ಬಸ್ಸು ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕೆಂಬುದೇನೋ ನಿಜ. ಆದರೆ ಹತ್ತಿ ಕುಳಿತ ಮೇಲೆ ದಾರಿ ತೆರೆದಿರುತ್ತದೆ. ಹಳ್ಳಿಯ ಬಸ್ಸು ಜನಕ್ಕಾಗಿ ಕಾಯುತ್ತದೆ. ಪಟ್ಟಣದಲ್ಲಿ ಜನ ಬಸ್ಸಿಗಾಗಿ ಕಾಯುತ್ತಾರೆ, ಬಸ್ಸು ರಸ್ತೆಗಾಗಿ ಕಾಯುತ್ತದೆ.

ಚಾಮರಾಜನಗರದಿಂದ ಬೆಂಗಳೂರಿಗೆ ಎರಡು ದಾರಿ. ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಮೇಲೆ ಒಂದು. ನಂಜನಗೂಡು, ಮೈಸೂರಿನ ಮೇಲೆ ಇನ್ನೊಂದು. ರೈಲೂ ಉಂಟು. ಚಾಮರಾಜನಗರದಲ್ಲಿ ಕಂಬಿ ಮುಗಿದುಹೋಗುತ್ತದೆ. ಅದನ್ನು ಸತ್ಯಮಂಗಲದ ಕಡೆಗೆ ಮುಂದುವರಿಸುವ ಮಾತು ಬಹುಕಾಲದಿಂದ ಮಾತಾಗಿಯೇ ಉಳಿದಿದೆ. ಮೈಸೂರಿನ ದಾರಿಯ ಬಸ್ಸಿನಲ್ಲಿ ಬಂದವರಿಗೆ ಬೆಂಗಳೂರಿನ ಮೊದಲ ಮೆಟ್ಟಿಲು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ. ಅಲ್ಲಿ ಇಳಿದವರು ಪ್ರಯಾಣ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಪಾಪ, ಮುಖ್ಯವಾದ ಪ್ರಯಾಣ ಆರಂಭವಾಗುವುದೇ ಅಲ್ಲಿಂದ.

ಎರಡು ಊರುಗಳ ಒಂದು ಊರು

ಬೆಂಗಳೂರಿನ ಸಂಚಾರ ಇಷ್ಟು ಗೋಜಲಾದದ್ದು ಏಕೆಂದು ತಿಳಿಯಬೇಕಾದರೆ ಊರು ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಪೇಟೆ ಒಂದು. 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡು ಇನ್ನೊಂದು. ಇವೆರಡಕ್ಕೂ ಬೇರೆ ಬೇರೆ ಪುರಸಭೆಗಳು, ಬೇರೆ ಬೇರೆ ಮಾರುಕಟ್ಟೆಗಳು, ಬೇರೆ ಬೇರೆ ಭಾಷೆ ಬೆಡಗುಗಳು. 1949ರಲ್ಲಿ ಇವನ್ನು ಕೂಡಿಸಿ ಒಂದೇ ಕಾರ್ಪೊರೇಷನ್ನು ಮಾಡಿದರು. ಕಾಗದದ ಮೇಲೆ ಊರು ಒಂದಾಯಿತು. ಪ್ರಯಾಣಿಕರ ಪಾಲಿಗೆ ಅದು ಎರಡು ಹೃದಯಗಳುಳ್ಳ ದೇಹವಾಗಿಯೇ ಉಳಿಯಿತು. ಇಂದಿಗೂ ಒಂದು ಕಡೆ ಮಾರ್ಕೆಟ್ಟು ಮತ್ತು ಮೆಜೆಸ್ಟಿಕ್ಕು, ಇನ್ನೊಂದು ಕಡೆ ಶಿವಾಜಿನಗರ ಬಸ್ಸುಗಳ ದೊಡ್ಡ ನೆಲೆಗಳಾಗಿವೆ.

1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ನಗರದಲ್ಲಿ ಬಸ್ಸುಗಳನ್ನು ಓಡಿಸತೊಡಗಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ಬಿ.ಟಿ.ಎಸ್. ಎಂಬ ಹೆಸರು ಮನೆಮಾತಾಯಿತು. 1997ರ ಆಗಸ್ಟ್ 15ರಂದು ನಗರದ ಬಸ್ಸುಗಳಿಗೆ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಎಂಬ ಪ್ರತ್ಯೇಕ ಸಂಸ್ಥೆಯೇ ಆಯಿತು. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯೂ ಅದೇ ವರ್ಷ ಜನ್ಮ ತಾಳಿತು. ಹರವೆಯವರಿಗೆ ಜಿಲ್ಲಾ ಕಚೇರಿ ಹತ್ತಿರ ಬಂದ ವರ್ಷವೇ ಬೆಂಗಳೂರಿನ ಬಸ್ಸಿಗೆ ಸ್ವಂತ ಮನೆ ದೊರೆಯಿತೆನ್ನಬಹುದು.

ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದ ನೆಲ ಹಿಂದೆ ಧರ್ಮಾಂಬುಧಿ ಎಂಬ ಕೆರೆ. ಸುತ್ತಲಿನ ನೀರೆಲ್ಲ ಹರಿದು ಬಂದು ಸೇರುತ್ತಿದ್ದ ಆ ತಗ್ಗಿನಲ್ಲಿ ಈಗ ಸುತ್ತಲಿನ ಜನರೆಲ್ಲ ಹರಿದು ಬಂದು ಸೇರುತ್ತಾರೆ. ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರ ಇಂದು ಇಲ್ಲ. ಹೆಸರು ಮಾತ್ರ ಜನರ ನಾಲಿಗೆಯಲ್ಲಿ ಗಟ್ಟಿಯಾಗಿ ನಿಂತಿದೆ. ಕೆಂಪೇಗೌಡ ನಿಲ್ದಾಣವೆಂಬ ಅಧಿಕೃತ ನಾಮವನ್ನು ಫಲಕಗಳು ಹೇಳುತ್ತವೆ, ಕಂಡಕ್ಟರುಗಳು ಮಾತ್ರ “ಮೆಜೆಸ್ಟಿಕ್, ಮೆಜೆಸ್ಟಿಕ್” ಎಂದೇ ಕೂಗುತ್ತಾರೆ.

ಅಂಗೈ ಮತ್ತು ಬೆರಳುಗಳು

ಹಳೆಯ ಬೆಂಗಳೂರಿನ ಬಸ್ಸುಗಳ ಏರ್ಪಾಡು ಅಂಗೈ ಮತ್ತು ಬೆರಳುಗಳಂತಿತ್ತು. ಅಂಗೈ ಮೆಜೆಸ್ಟಿಕ್ಕು, ಬೆರಳುಗಳು ಬಡಾವಣೆಗಳು. ಬೆಳಿಗ್ಗೆ ಬೆರಳ ತುದಿಯಿಂದ ಅಂಗೈಗೆ ಬರುವುದು, ಸಂಜೆ ಅಂಗೈಯಿಂದ ಬೆರಳ ತುದಿಗೆ ಹಿಂತಿರುಗುವುದು. ಕಚೇರಿ, ಅಂಗಡಿ, ಕೋರ್ಟು, ಕಾಲೇಜು ಎಲ್ಲವೂ ಊರ ನಡುವೆಯೇ ಇದ್ದಷ್ಟು ದಿನ ಈ ಏರ್ಪಾಡು ಸೊಗಸಾಗಿ ನಡೆಯಿತು. 1951ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 8 ಲಕ್ಷ. ವಿಮಾನ ಕಾರ್ಖಾನೆ, ದೂರವಾಣಿ ಕಾರ್ಖಾನೆ, ಗಡಿಯಾರದ ಕಾರ್ಖಾನೆ ಮುಂತಾದ ದೊಡ್ಡ ಸರ್ಕಾರಿ ಉದ್ಯಮಗಳು ಊರ ಅಂಚಿನಲ್ಲಿ ತಲೆಯೆತ್ತಿದವಾದರೂ ಅವು ತಮ್ಮ ನೌಕರರಿಗಾಗಿ ತಮ್ಮವೇ ಬಸ್ಸುಗಳನ್ನು ಓಡಿಸಿದವು. ಆ ಬಸ್ಸು ಬೀದಿಯ ತಿರುವಿನಲ್ಲಿ ಕಂಡರೆ ಗೃಹಿಣಿಯರು ಗಡಿಯಾರ ನೋಡದೆಯೇ ಅನ್ನಕ್ಕಿಡುತ್ತಿದ್ದ ಕಾಲ ಅದು.

2011ರ ಜನಗಣತಿಯ ಹೊತ್ತಿಗೆ ಆ 8 ಲಕ್ಷ 84 ಲಕ್ಷವಾಯಿತು. ಅಷ್ಟರಲ್ಲಿ ಕೆಲಸವೂ ಊರ ನಡುವಿನಿಂದ ಬೆರಳ ತುದಿಗಳಿಗೆ ಓಡಿಹೋಗಿತ್ತು. ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ, ಪೂರ್ವದಲ್ಲಿ ವೈಟ್‌ಫೀಲ್ಡು, ವಾಯವ್ಯದಲ್ಲಿ ಪೀಣ್ಯ, ಮೈಸೂರು ರಸ್ತೆಯಲ್ಲೂ ಬೊಮ್ಮನಹಳ್ಳಿಯಲ್ಲೂ ಸಿದ್ಧ ಉಡುಪಿನ ಕಾರ್ಖಾನೆಗಳು. ಬಾಡಿಗೆ ಕಡಿಮೆ ಇರುವ ಮನೆ ಒಂದು ಬೆರಳಿನ ತುದಿಯಲ್ಲಿ, ಸಂಬಳ ಕೊಡುವ ಕೆಲಸ ಇನ್ನೊಂದು ಬೆರಳಿನ ತುದಿಯಲ್ಲಿ! ಹೀಗಾದಾಗ ಅಂಗೈಗೆ ಬಂದು ಮತ್ತೆ ಹೊರಡುವುದೆಂದರೆ ಮೂಗನ್ನು ಮುಟ್ಟಲು ತಲೆಯ ಸುತ್ತ ಕೈ ಬಳಸಿದಂತೆ. ಅದಕ್ಕೆಂದೇ ವರ್ತುಲ ರಸ್ತೆಗಳಲ್ಲಿ ಬೇರೆ ಬಸ್ಸುಗಳು ಬಂದವು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಹೋಗುವ 500 ಡಿ ಎಂಬ ಬಸ್ಸಿನ ಸಂಖ್ಯೆ ಬೆಂಗಳೂರಿನ ಪೂರ್ವ ಭಾಗದಲ್ಲಿ ದುಡಿಯುವವರಿಗೆಲ್ಲ ಕಂಠಪಾಠ.

ಈ ಸಿಲ್ಕ್ ಬೋರ್ಡಿನ ವಿಷಯ ಒಂದು ಮಾತು ಹೇಳಲೇಬೇಕು. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಇರುವುದರಿಂದ ಆ ಚೌಕಕ್ಕೆ ಆ ಹೆಸರು ಬಂದಿತು. ಚಾಮರಾಜನಗರ, ಕೊಳ್ಳೇಗಾಲದ ಸೀಮೆಯವರಿಗೆ ರೇಷ್ಮೆ ಹೊಸದಲ್ಲ. ಹಿಪ್ಪುನೇರಳೆ ಕೊಯ್ದು, ಹುಳು ಸಾಕಿ, ಗೂಡು ಬಿಡಿಸಿದ ಕೈಗಳು ಅವು. ಎಳೆ ಸಿಕ್ಕಾದರೆ ನೂಲು ಕೆಡುತ್ತದೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾದ್ದಿಲ್ಲ. ಆದರೆ ರೇಷ್ಮೆಯ ಹೆಸರು ಹೊತ್ತ ಈ ಚೌಕದಲ್ಲಿ ನಾಲ್ಕು ದಿಕ್ಕಿನ ವಾಹನಗಳ ಎಳೆಗಳು ಸಿಕ್ಕಾಗುವ ಪರಿಯನ್ನು ಕಂಡರೆ ಗೂಡು ಬಿಡಿಸುವ ಜಾಣರೂ ಕೈ ಮುಗಿಯಬೇಕು! 2024ರ ಜುಲೈ ತಿಂಗಳಲ್ಲಿ ರಾಗಿಗುಡ್ಡದಿಂದ ಇಲ್ಲಿಯವರೆಗೆ ಎರಡು ಅಂತಸ್ತಿನ ಮೇಲುಸೇತುವೆ ತೆರೆಯಿತು. ಒಂದು ಅಂತಸ್ತಿನಲ್ಲಿ ವಾಹನಗಳು, ಅದರ ಮೇಲೆ ಮೆಟ್ರೋ ಕಂಬಿ. ಆಗಿನಿಂದ ಸಿಕ್ಕು ಸ್ವಲ್ಪ ಸಡಿಲವಾಗಿದೆ, ಬಿಚ್ಚಿಹೋಗಿಲ್ಲ.

ಬಸ್ಸಿನೊಳಗಿನ ಸಂಸಾರ

ಬೆಂಗಳೂರಿನ ಬಸ್ಸಿಗೆ ತನ್ನದೇ ಆದ ಆಚಾರಗಳುಂಟು. ಮುಂದಿನ ಬಾಗಿಲು ಸ್ತ್ರೀಯರಿಗೆ, ಹಿಂದಿನದು ಪುರುಷರಿಗೆ ಎಂಬುದು ಹಳೆಯ ರೂಢಿ. ಚಿಲ್ಲರೆ ಇಲ್ಲವಾದರೆ ಕೊಡಬೇಕಾದ ಬಾಕಿಯನ್ನು ಕಂಡಕ್ಟರು ಟಿಕೇಟಿನ ಬೆನ್ನ ಮೇಲೆ ಬರೆದು ಕೊಡುತ್ತಾರೆ. ಆ ಗೀಚಿದ ಅಂಕೆಯೇ ಪ್ರಯಾಣಿಕನ ಕೈಯಲ್ಲಿರುವ ಹುಂಡಿ. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಮರೆತವರ ಹಣವೆಷ್ಟು, ನೆನೆದು ನೆನೆದು ಕೊರಗಿದವರೆಷ್ಟು! ದೂರವಾಣಿಯ ಮೂಲಕ ಹಣ ಸಂದಾಯ ಮಾಡುವ ಪದ್ಧತಿ ಬಂದ ಮೇಲೆ ಈ ಹುಂಡಿಯ ವ್ಯವಹಾರ ಕಡಿಮೆಯಾಗುತ್ತ ಬಂದಿದೆ.

ಹಳ್ಳಿಯಿಂದ ಬಂದವರಿಗೆ ಮೊದಲು ಬೆರಗೆನಿಸುವುದು ಬಸ್ಸಿನೊಳಗಿನ ಮೌನ. ಅರುವತ್ತು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೂ ಒಬ್ಬರ ಊರು ಇನ್ನೊಬ್ಬರು ಕೇಳರು. ಆದರೂ ಅಲ್ಲಿ ದಾಕ್ಷಿಣ್ಯ ಸತ್ತಿಲ್ಲ. ನಿಂತವರ ಚೀಲವನ್ನು ಕುಳಿತವರು ಮಾತಿಲ್ಲದೆ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಕೈಮಗು ಹೊತ್ತ ತಾಯಿ ಹತ್ತಿದರೆ ಎಲ್ಲಿಂದಲೋ ಒಂದು ಜಾಗ ಹುಟ್ಟುತ್ತದೆ. ದಣಿದ ಜನರ ನಡುವೆ ಇಷ್ಟು ಸೌಜನ್ಯ ಉಳಿದಿರುವುದೇ ದೊಡ್ಡದು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ಸ್ತ್ರೀಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣ ಮಾಡುವ ಅವಕಾಶ ದೊರೆಯಿತು. ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಗಳಿಗೆ, ಮನೆಗೆಲಸಕ್ಕೆಂದು ಎರಡು ಬಡಾವಣೆ ದಾಟಿ ಹೋಗುವವಳಿಗೆ ಇದರಿಂದ ತಿಂಗಳಿಗೆ ಉಳಿಯುವ ಹಣ ಸಣ್ಣದಲ್ಲ. ಹಿಂದೆ ಟಿಕೇಟಿಗೆ ಹೆದರಿ ಮನೆಯ ಹತ್ತಿರವೇ ಕಡಿಮೆ ಕೂಲಿಗೆ ಒಪ್ಪಿಕೊಳ್ಳುತ್ತಿದ್ದವಳು ಈಗ ದೂರದ ಕೆಲಸದತ್ತ ಕಣ್ಣು ಹಾಯಿಸಬಹುದು. ಆದರೆ ಹಣ ಉಳಿದಷ್ಟು ಸುಲಭವಾಗಿ ಹೊತ್ತು ಉಳಿಯದು. ಟಿಕೇಟನ್ನು ಸರ್ಕಾರ ಮನ್ನಾ ಮಾಡಬಲ್ಲದು. ರಸ್ತೆಯಲ್ಲಿ ಕಳೆದುಹೋದ ಗಂಟೆಯನ್ನು ಯಾರು ಮನ್ನಾ ಮಾಡಿಯಾರು?

ಯಾರ ರಸ್ತೆ?

ಬೆಂಗಳೂರಿನ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣಗಳಾಗುತ್ತವೆ. ಊರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿಯನ್ನು ದಾಟಿದೆ. ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರಗಳು. ನಗರಗಳ ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಎಂಬ ಸಂಸ್ಥೆಯ 2022ರ ಪಟ್ಟಿಯಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 29 ನಿಮಿಷ ಹಿಡಿಯಿತು. ಲಂಡನ್ ನಗರವೊಂದನ್ನುಳಿದು ಆ ಪಟ್ಟಿಯ ಬೇರಾವ ಊರೂ ಅದಕ್ಕಿಂತ ನಿಧಾನವಾಗಿರಲಿಲ್ಲ. ಅದೂ ಮೋಟಾರು ಕಾರಿನ ಲೆಕ್ಕ. ನಿಲ್ದಾಣಕ್ಕೊಮ್ಮೆ ನಿಂತು ಹೊರಡುವ ಬಸ್ಸಿನ ಪಾಡನ್ನು ಹೇಳಬೇಕಾದ್ದಿಲ್ಲ.

ಇಲ್ಲೊಂದು ಸಣ್ಣ ಗಣಿತವನ್ನು ಮಾಡಿ ನೋಡಬಹುದು. ಒಂದು ಬಸ್ಸು ರಸ್ತೆಯಲ್ಲಿ ಹಿಡಿಯುವ ಜಾಗ ಮೂರು ಕಾರುಗಳ ಜಾಗ. ಮೂರು ಕಾರುಗಳಲ್ಲಿ ಬೆಳಗಿನ ಹೊತ್ತು ಕುಳಿತಿರುವವರು ಬಹುಶಃ ನಾಲ್ಕೈದು ಮಂದಿ; ಬಸ್ಸಿನಲ್ಲಿರುವವರು ಅರುವತ್ತು. ಆದರೂ ಕೆಂಪು ದೀಪದ ಮುಂದೆ ನಾಲ್ವರು ಮುಂದೆ ನಿಂತರೆ ಅರುವತ್ತು ಮಂದಿ ಹಿಂದೆ ನಿಲ್ಲಬೇಕು. ಹಳ್ಳಿಯ ಕೆರೆಯ ನೀರಿಗೆ ಸರದಿಯುಂಟು. ರಸ್ತೆಯೂ ಒಂದು ಬಗೆಯ ನೀರೇ. ಅದನ್ನು ಹಂಚುವ ನ್ಯಾಯ ಮಾತ್ರ ನಗರದಲ್ಲಿ ಇನ್ನೂ ಹುಟ್ಟಬೇಕಾಗಿದೆ.

ಹುಟ್ಟಲೇ ಇಲ್ಲವೆಂದೂ ಅಲ್ಲ. 2019ರ ಕೊನೆಯ ತಿಂಗಳುಗಳಲ್ಲಿ ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಹತ್ತಿರದ ಟಿನ್ ಫ್ಯಾಕ್ಟರಿಯವರೆಗೆ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥವನ್ನು ಮೀಸಲಿಟ್ಟರು. ಗೂಟಗಳನ್ನು ನೆಟ್ಟು ಗಡಿ ಮಾಡಿದರು. ಪಕ್ಕದಲ್ಲಿ ಕಾರುಗಳು ನಿಂತಿರುವಾಗ ಬಸ್ಸು ಓಡುವ ಅಪೂರ್ವ ನೋಟವನ್ನು ಊರು ಕಂಡಿತು. ಆಮೇಲೆ ಕೋವಿಡ್ ಬಂದಿತು, ಮೆಟ್ರೋ ಕಾಮಗಾರಿ ಬಂದಿತು. ಗೂಟಗಳು ಹೋದವು, ಪಥವೂ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇಂಥ ಏರ್ಪಾಡು ಲೋಕದಲ್ಲಿ ಹೊಸದೇನೂ ಅಲ್ಲ. ಬ್ರೆಜಿಲ್ ದೇಶದ ಕುರಿಟಿಬ ನಗರದಲ್ಲಿ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ದಾರಿ ಮಾಡಿಕೊಟ್ಟರು. ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಕರ್ನಾಟಕದಲ್ಲೇ ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇಂಥ ಮೀಸಲು ದಾರಿಯನ್ನು ಕಟ್ಟಿ, 2018ರಿಂದ ಅದರಲ್ಲಿ ಬಸ್ಸುಗಳನ್ನು ಓಡಿಸತೊಡಗಿದರು. ಆ ಬಸ್ಸಿಗೆ ಇಟ್ಟ ಹೆಸರು ಚಿಗರಿ, ಅಂದರೆ ಜಿಂಕೆ. ಬೆಂಗಳೂರಿನ ಬಸ್ಸಿಗೆ ಅಂಥ ಹೆಸರಿಡಬೇಕಾದರೆ ಮೊದಲು ಓಡಲು ಬಯಲು ಬೇಕು.

ನೆಲದ ಕೆಳಗೆ, ತಲೆಯ ಮೇಲೆ

ರಸ್ತೆಯಲ್ಲಿ ಜಾಗ ಸಿಗದೆಂದ ಮೇಲೆ ಊರು ನೆಲದ ಕೆಳಗೂ ತಲೆಯ ಮೇಲೂ ದಾರಿ ಹುಡುಕಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ನಮ್ಮ ಮೆಟ್ರೋ ಓಡಿತು. ಆಗ ಅದರ ಉದ್ದ 7 ಕಿಲೋಮೀಟರೂ ಇರಲಿಲ್ಲ. 2017ರ ಜೂನ್ ಹೊತ್ತಿಗೆ 42 ಕಿಲೋಮೀಟರಾಯಿತು. 2023ರ ಅಕ್ಟೋಬರ್ 9ರಿಂದ ಪಶ್ಚಿಮದ ಚಲ್ಲಘಟ್ಟದಿಂದ ಪೂರ್ವದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗದ ಬಂಡಿಯಲ್ಲಿ ಇಳಿಯದೆ ಹೋಗಬಹುದಾಯಿತು. 2025ರ ಆಗಸ್ಟ್ 10ರಂದು ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾಗಿ, ಒಟ್ಟು ಉದ್ದ 96 ಕಿಲೋಮೀಟರನ್ನು ಮುಟ್ಟಿತು.

ಹರವೆಯ ಕಡೆಯಿಂದ ಬಂದು ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದವರಿಗೆ ದೀಪಾಂಜಲಿನಗರದ ಮೆಟ್ರೋ ನಿಲ್ದಾಣ ಹತ್ತಿರದಲ್ಲೇ ಸಿಗುತ್ತದೆ. ಅಲ್ಲಿಂದ ಮೆಜೆಸ್ಟಿಕ್ಕಿಗೆ ಕೆಲವೇ ನಿಮಿಷ. ಮೆಜೆಸ್ಟಿಕ್ಕಿನಲ್ಲಿ ಎರಡು ಮಾರ್ಗಗಳು ನೆಲದಡಿಯಲ್ಲಿ ಒಂದರ ಕೆಳಗೊಂದು ಹಾದುಹೋಗುತ್ತವೆ. ಕೆರೆಯ ಅಂಗಳದ ನೆರೆಯಲ್ಲಿ, ಪಾತಾಳದಷ್ಟು ಆಳದಲ್ಲಿ, ಬೆಳಕಿನ ಮಂಟಪವೊಂದು! ಮಳೆಯಿರಲಿ, ಮೆರವಣಿಗೆಯಿರಲಿ, ಬಂಡಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನಲ್ಲಿ ದೂರವು ಮತ್ತೆ ದೂರವಾಗಿಯೇ ಉಳಿದಿರುವುದು ಈ ಕಂಬಿಗಳ ಮೇಲೆ ಮಾತ್ರ. ಬೆಳಗಿಗೂ ಅಷ್ಟೇ ನಿಮಿಷ, ಬೈಗಿಗೂ ಅಷ್ಟೇ ನಿಮಿಷ.

ಆದರೆ ಈ ಸುಖಕ್ಕೆ ಬೆಲೆಯುಂಟು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರಗಳು ಏರಿದವು. ಅತಿ ಹೆಚ್ಚಿನ ಟಿಕೇಟು 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ದಿನಗೂಲಿಯವನಿಗೆ ಹೋಗಿ ಬರುವ ಖರ್ಚು ಒಂದು ಹೊತ್ತಿನ ಊಟಕ್ಕಿಂತ ಹೆಚ್ಚಾದರೆ ಅವನು ಮತ್ತೆ ಬಸ್ಸಿನ ಮೆಟ್ಟಿಲಿಗೇ ಹೋಗುತ್ತಾನೆ. ಮೆಟ್ರೋ ನಿಲ್ದಾಣದಿಂದ ಮನೆಯವರೆಗಿನ ಕೊನೆಯ ಮೈಲಿಗೂ ಬಸ್ಸೇ ಬೇಕು. ಮೆಟ್ರೋ ಬಂದಿತೆಂದು ಬಸ್ಸನ್ನು ಮರೆತರೆ ಮಹಡಿ ಕಟ್ಟಿ ಮೆಟ್ಟಿಲನ್ನು ಮರೆತಂತೆ.

ಸಂಜೆಯ ಲೆಕ್ಕ

ನಗರಗಳ ಹಿರಿಮೆಯನ್ನು ಅಳೆಯುವವರು ಕಟ್ಟಡಗಳ ಎತ್ತರವನ್ನು, ವ್ಯಾಪಾರದ ವಹಿವಾಟನ್ನು, ಬಂದು ಸೇರಿದ ಕಂಪನಿಗಳನ್ನು ಎಣಿಸುತ್ತಾರೆ. ಎಣಿಸಲಿ, ತಪ್ಪೇನಿಲ್ಲ. ಆದರೆ ಆ ಕಟ್ಟಡಗಳಲ್ಲಿ ನೆಲ ಒರೆಸುವವರು, ಕಾವಲು ಕಾಯುವವರು, ಲೆಕ್ಕ ಬರೆಯುವವರು, ಯಂತ್ರದ ಮುಂದೆ ಕುಳಿತು ಅಂಗಿ ಹೊಲಿಯುವವರು ದಿನಕ್ಕೆ ಎಂಟು ಗಂಟೆಯ ಕೂಲಿ ಪಡೆದು, ಅದರ ಮೇಲೆ ಮೂರು ಗಂಟೆಯನ್ನು ರಸ್ತೆಗೆ ದಾನ ಮಾಡಬೇಕಾಗಿ ಬಂದರೆ, ಆ ದಾನ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ವಾರಕ್ಕೆ ಆರು ದಿನವೆಂದು ಹಿಡಿದರೆ ಹದಿನೆಂಟು ಗಂಟೆ. ಎರಡು ದಿನಗಳ ದುಡಿಮೆಗಿಂತಲೂ ಹೆಚ್ಚು. ಇಷ್ಟು ದೊಡ್ಡ ತೆರಿಗೆಯನ್ನು ಯಾವ ಸರ್ಕಾರವೂ ವಿಧಿಸಿಲ್ಲ. ವಿಧಿಸಿದ್ದರೆ ದಂಗೆಯೇ ಏಳುತ್ತಿತ್ತು. ಇದು ಯಾರೂ ವಿಧಿಸದ ತೆರಿಗೆಯಾದ್ದರಿಂದಲೇ ಜನ ತಲೆ ತಗ್ಗಿಸಿ ಸಲ್ಲಿಸುತ್ತ ಬಂದಿದ್ದಾರೆ. ಅದರಲ್ಲೂ ಹೆಚ್ಚಿನ ಪಾಲನ್ನು ಸಲ್ಲಿಸುವವರು ಕಡಿಮೆ ಸಂಬಳದವರೇ. ಹತ್ತಿರದ ಮನೆಯ ಬಾಡಿಗೆ ಅವರ ಕೈಗೆ ಎಟುಕುವುದಿಲ್ಲವಷ್ಟೆ.

ದೊಡ್ಡ ನಗರಕ್ಕೆ ಜನರು ಬರುವುದನ್ನು ತಡೆಯಲಾಗದು, ತಡೆಯಬೇಕಾದ್ದೂ ಇಲ್ಲ. ಬರಗಾಲದ ವರ್ಷದಲ್ಲಿ ಹರವೆಯ ಹೊಲ ಕೊಡಲಾರದ ಅನ್ನವನ್ನು ಬೆಂಗಳೂರು ಕೊಟ್ಟಿದೆ. ಆ ಋಣವನ್ನು ಅಲ್ಲಿಯ ಜನ ಮರೆಯರು. ಅನ್ನ ಕೊಟ್ಟ ಊರೇ ಆ ಅನ್ನವನ್ನು ಮಕ್ಕಳೊಡನೆ ಕುಳಿತು ಉಣ್ಣುವ ಹೊತ್ತನ್ನೂ ಕೊಟ್ಟರೆ ಆ ಋಣಕ್ಕೆ ಪೂರ್ಣತೆ ಬರುತ್ತದೆ. ಅದಕ್ಕೆ ಅದ್ಭುತ ಯಂತ್ರಗಳೇ ಬೇಕೆಂದಿಲ್ಲ. ಹೆಚ್ಚು ಬಸ್ಸುಗಳು, ಅವುಗಳಿಗೆ ಅಳಿಸಿಹೋಗದ ಒಂದು ಪಥ, ಮೆಟ್ರೋದ ಬಾಗಿಲಲ್ಲಿ ಕಾದು ನಿಂತ ಸಣ್ಣ ಬಸ್ಸು, ಬಡವನ ಕೈಗೆ ನಿಲುಕುವ ಟಿಕೇಟು; ಇಷ್ಟಾದರೆ ಬಹಳವಾಯಿತು.

ಸಂಜೆ ಕಾರ್ಖಾನೆ ಬಿಟ್ಟು ಬಸ್ಸು ಹತ್ತಿದ ತಾಯಿ ಮನೆಯ ಬಾಗಿಲು ತಟ್ಟಿದಾಗ ಮಗು ನಿದ್ದೆ ಹೋಗಿದೆಯೋ, ಎಚ್ಚರವಾಗಿದ್ದು ಓಡಿಬರುತ್ತದೆಯೋ. ನಗರವೊಂದರ ಸಾರಿಗೆ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಅದಕ್ಕಿಂತ ನಿಜವಾದ ಅಳತೆಗೋಲು ಇನ್ನೊಂದಿಲ್ಲ.